ಲಾರಿ ಓಡುವ ದಾರಿಯ ಋಣ: ಹೊಸೂರು ಭಾಗದ ಸಾಗಣೆ ಸಂಸ್ಥೆಗಳಿಗೆ ಸಿಎಸ್‌ಆರ್ ಮಾರ್ಗದರ್ಶಿ

ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಬಿಡಿಭಾಗ, ರಾಯಕೋಟೆ ಮತ್ತು ಶೂಲಗಿರಿ ಕಡೆಯ ಟೊಮೆಟೊ, ಬೆಂಗಳೂರಿನ ಗೋಡೌನುಗಳಿಂದ ಬರುವ ಪಾರ್ಸೆಲ್. ಹೊಸೂರಿನ ಸುತ್ತ ಸರಕು ಯಾವುದೇ ಇರಲಿ, ಬಹುಪಾಲು ರಾಷ್ಟ್ರೀಯ ಹೆದ್ದಾರಿ 44ನ್ನೇ ಹಿಡಿಯಬೇಕು. ಬಾಡಿಗೆ ಆಫೀಸಿಗೆ ಬರುತ್ತದೆ. ಹೊಗೆ, ಸದ್ದು, ಅಪಘಾತ ಮಾತ್ರ ಜೂಜುವಾಡಿಯಿಂದ ಶೂಲಗಿರಿಯವರೆಗೆ ರಸ್ತೆಯಂಚಿನಲ್ಲಿ ಬದುಕುವವರ ಪಾಲು. ಹೀಗಿದ್ದೂ ಸಾಗಣೆ ಸಂಸ್ಥೆಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಹೆಚ್ಚಾಗಿ ನೋಟ್‌ಬುಕ್ಕು, ಟೀ ಶರ್ಟು, ಫೋಟೋಗೆ ನೆಟ್ಟ ಸಸಿಗಳಲ್ಲೇ ಮುಗಿದುಹೋಗುತ್ತದೆ. ಈ ಮಾರ್ಗದರ್ಶಿ ನಿಂತಿರುವುದು ಒಂದೇ ಮಾತಿನ ಮೇಲೆ: ನಿಮ್ಮ ಗಾಡಿಯಿಂದ ಯಾರಿಗೆ ತೊಂದರೆಯೋ ಮೊದಲ ಪಾಲು ಅವರಿಗೆ ಸಲ್ಲಬೇಕು, ನಿಮ್ಮದೇ ಕೆಲಸದವರಿಗೆ ಕೊಡಬೇಕಾದದ್ದನ್ನು ಸಮಾಜಸೇವೆಯ ಲೆಕ್ಕಕ್ಕೆ ಬರೆಯಬಾರದು.

ಹಂತ 1: ಕಾನೂನು ನಿಮಗೆ ಅನ್ವಯಿಸುತ್ತದೆಯೇ ನೋಡಿಕೊಳ್ಳಿ

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದಾದರೂ ಒಂದು ಗಡಿ ಮುಟ್ಟಿದ್ದರೆ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ಸಾಗಣೆ ವ್ಯವಹಾರದಲ್ಲಿ ಮೊದಲಿನ ಎರಡು ಗಡಿ ಮುಟ್ಟುವವರು ಕಡಿಮೆ. ಸಿಕ್ಕಿಬೀಳುವುದು ಮೂರನೆಯದರಲ್ಲಿ.

ಲೆಕ್ಕ ಹೀಗೆ. ಮೂರು ವರ್ಷಗಳ ಲಾಭ 4.2 ಕೋಟಿ, 5.6 ಕೋಟಿ, 6.1 ಕೋಟಿ ಎಂದಿಟ್ಟುಕೊಳ್ಳಿ. ಕೊನೆಯ ವರ್ಷ 5 ಕೋಟಿ ದಾಟಿದ್ದರಿಂದ ಕಾನೂನು ಅನ್ವಯಿಸುತ್ತದೆ. ಒಟ್ಟು 15.9 ಕೋಟಿ, ಸರಾಸರಿ 5.3 ಕೋಟಿ, ಅದರ ಶೇ. 2 ಎಂದರೆ 10.6 ಲಕ್ಷ. ಇಲ್ಲಿ ಲಾಭವೆಂದರೆ ಕಾಯ್ದೆಯ 198ನೇ ಕಲಂ ಪ್ರಕಾರದ್ದು, ಅಂದರೆ ಆದಾಯ ತೆರಿಗೆ ಕಳೆಯುವ ಮೊದಲಿನದು. ತೆರಿಗೆ ಕಳೆದ ಮೇಲಿನ ಅಂಕಿ ಹಿಡಿದು ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಕೊನೆಗೆ ಖರ್ಚು ಕಡಿಮೆ ಬಿದ್ದಿದೆ ಎಂದು ಲೆಕ್ಕಪರಿಶೋಧಕರು ಎತ್ತಿ ತೋರಿಸುತ್ತಾರೆ. ಖರ್ಚು ಮಾಡಬೇಕಾದ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಡ, ಆ ಕೆಲಸವನ್ನು ನಿರ್ದೇಶಕ ಮಂಡಳಿಯೇ ಮಾಡಬಹುದು.

ಒಬ್ಬರದೇ ಒಡೆತನದ ಅಂಗಡಿ, ಪಾಲುದಾರಿಕೆಯ ಬುಕಿಂಗ್ ಆಫೀಸು, ನಾಲ್ಕೈದು ಗಾಡಿಯವರು ಈ ಕಾಯ್ದೆಯ ಕೆಳಗೆ ಬರುವುದಿಲ್ಲ. ಆದರೂ ಮುಂದಿನದನ್ನು ಓದಬೇಕು. ಷೇರುಪೇಟೆಯಲ್ಲಿ ಪಟ್ಟಿಯಾಗಿರುವ ಮೊದಲ 1000 ಕಂಪನಿಗಳು ಹೊಣೆಗಾರಿಕೆಯ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಆ ಕಂಪನಿಗಳು ತಮ್ಮ ಸರಕು ಹೊರುವವರನ್ನು ಡೀಸೆಲ್ ಎಷ್ಟು, ಅಪಘಾತ ಎಷ್ಟು, ಡ್ರೈವರುಗಳಿಗೆ ಪಿಎಫ್ ಉಂಟೇ ಎಂದು ಕೇಳತೊಡಗಿವೆ. ಉತ್ತರ ಇಲ್ಲದವರ ಕೈಯಿಂದ ಲೋಡು ಜಾರುತ್ತದೆ.

ಹಂತ 2: ಎರಡು ಪುಸ್ತಕ ಇಡಿ

ಒಂದು ವ್ಯವಹಾರದ ಖರ್ಚಿಗೆ, ಇನ್ನೊಂದು ಸಿಎಸ್‌ಆರ್ ಖರ್ಚಿಗೆ. ನಂತರದ ಗೊಂದಲಗಳೆಲ್ಲ ಇವೆರಡನ್ನು ಕಲೆಸುವುದರಿಂದಲೇ ಹುಟ್ಟುತ್ತವೆ.

ಸಿಎಸ್‌ಆರ್ ಅಲ್ಲದ್ದು ಯಾವುದೆಂದು ನಿಯಮಗಳಲ್ಲೇ ಹೇಳಿದೆ: ದಿನನಿತ್ಯದ ವ್ಯವಹಾರದ ಭಾಗವಾಗಿ ಮಾಡುವುದು, ಬೇರೆ ಕಾನೂನು ಹೇಗೂ ಕಡ್ಡಾಯ ಮಾಡಿರುವುದು, ಸ್ವಂತ ನೌಕರರಿಗೆ ಅನುಕೂಲ ಮಾಡಿಕೊಡುವುದು, ರಾಜಕೀಯ ಪಕ್ಷಕ್ಕೆ ಕೊಡುವುದು, ಪ್ರಚಾರಕ್ಕಾಗಿ ಪ್ರಾಯೋಜಿಸುವುದು. ಸಾಗಣೆಯವರ ಭಾಷೆಗೆ ಇಳಿಸಿದರೆ, ನಿಮ್ಮ ಡ್ರೈವರುಗಳ ತರಬೇತಿ, ಅವರ ಆರೋಗ್ಯ ತಪಾಸಣೆ, ಗಾಡಿಗೆ ಅಂಟಿಸುವ ಪ್ರತಿಫಲನ ಪಟ್ಟಿ, ಗೋಡೌನಿನ ಶೌಚಾಲಯ ಎಲ್ಲವೂ ಮೊದಲ ಪುಸ್ತಕಕ್ಕೆ. ಅದೇ ತಪಾಸಣೆಯನ್ನು ಹೆದ್ದಾರಿಯಲ್ಲಿ ನಿಲ್ಲುವ ಎಲ್ಲ ಲಾರಿಗಳ ಚಾಲಕರಿಗೂ ಕ್ಲೀನರುಗಳಿಗೂ ತೆರೆದಿಟ್ಟರೆ ಎರಡನೆಯದಕ್ಕೆ ಬರುತ್ತದೆ. ಆಗ ನಿಮ್ಮ ನಾಲ್ಕು ಜನ ಸಾಲಿನಲ್ಲಿ ನಿಂತರೂ ತೊಂದರೆಯಿಲ್ಲ.

ಪ್ರವಾಹ ಬಂದಾಗ ಸಾಗಣೆಯವರು ಸ್ವಂತ ಲಾರಿಯಲ್ಲಿ ಅಕ್ಕಿ, ನೀರು ಪುಕ್ಕಟೆ ಸಾಗಿಸುತ್ತಾರೆ. ಅದು ದೊಡ್ಡ ಕೆಲಸ. ಆದರೆ ಆ ಓಡಾಟಕ್ಕೆ ಮಾರುಕಟ್ಟೆಯ ಬಾಡಿಗೆ ಕಟ್ಟಿ ಸಿಎಸ್‌ಆರ್ ಖರ್ಚೆಂದು ತೋರಿಸುವಂತಿಲ್ಲ. ವಸ್ತು ಅಥವಾ ಸೇವೆಯ ರೂಪದಲ್ಲಿ ಕೊಟ್ಟದ್ದನ್ನು ಹಣವಾಗಿ ಎಣಿಸಬಾರದೆಂದು ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟವಾಗಿ ಹೇಳಿದೆ. ತೆರಿಗೆಯ ವಿಷಯದಲ್ಲೂ ಎಚ್ಚರ ಬೇಕು. ಸಿಎಸ್‌ಆರ್ ಖರ್ಚನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ಕಳೆಯುವಂತಿಲ್ಲ. ಅದಕ್ಕಾಗಿ ಕೊಂಡ ಸಾಮಾನಿನ ಮೇಲೆ ಕೊಟ್ಟ ಜಿಎಸ್‌ಟಿಗೆ 2023ರ ಅಕ್ಟೋಬರ್‌ನಿಂದ ಇನ್‌ಪುಟ್ ಕ್ರೆಡಿಟ್ ಸಹ ಇಲ್ಲ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವಂತಿಲ್ಲ.

ಹಂತ 3: ಮೊದಲು ಮನೆಯೊಳಗಿನದು ಸರಿಯಾಗಲಿ

ಇದಕ್ಕೆ ಸಿಎಸ್‌ಆರ್ ಹಣ ಸಿಗುವುದಿಲ್ಲ, ಫೋಟೋ ಕೂಡ ಬರುವುದಿಲ್ಲ. ಆದರೂ ರಸ್ತೆಯಲ್ಲಿ ಜೀವ ಉಳಿಸುವುದು ಹೆಚ್ಚಾಗಿ ಇದೇ, ಹಾಗಾಗಿ ಇಲ್ಲಿ ತುಸು ನಿಲ್ಲೋಣ.

ಮೊದಲು ಕಾಯುವ ಹೊತ್ತು. ಟ್ರಿಪ್ ಶೀಟಿನಲ್ಲಿ ಎರಡು ಕಾಲಂ ಹೆಚ್ಚಿಸಿ: ಗಾಡಿ ಗೇಟಿಗೆ ಬಂದ ಸಮಯ, ಲೋಡಾಗಿ ಹೊರಬಿದ್ದ ಸಮಯ. ಮೂರು ತಿಂಗಳು ಬರೆಸಿದರೆ ಯಾವ ಕಾರ್ಖಾನೆ ಎಷ್ಟು ಕಾಯಿಸುತ್ತದೆಂದು ಗೊತ್ತಾಗುತ್ತದೆ. ಬೆಳಿಗ್ಗೆ 11ಕ್ಕೆ ಗೇಟಿಗೆ ಬಂದ ಗಾಡಿ ಸಂಜೆ 7ಕ್ಕೆ ಹೊರಟಿತು ಎನ್ನಿ. ಚೆನ್ನೈ ಬಂದರು 300 ಕಿ.ಮೀ.ಗೂ ದೂರ. ಲೋಡ್ ಗಾಡಿ ಗಂಟೆಗೆ ಸರಾಸರಿ 40 ಕಿ.ಮೀ. ಹೋದರೆ ಮುಟ್ಟುವಾಗ ನಸುಕಿನ ಮೂರು. ರಾತ್ರಿ ಎರಡರಿಂದ ಐದರವರೆಗೆ ದೇಹ ತಾನಾಗಿ ನಿದ್ದೆಗೆ ಜಾರುವ ಹೊತ್ತು. ಎಂಟು ಗಂಟೆ ಸಾಲಿನಲ್ಲಿ ನಿಂತ ಮನುಷ್ಯ ಆ ಹೊತ್ತಿಗೆ ಸ್ಟಿಯರಿಂಗ್ ಹಿಡಿದಿರುತ್ತಾನೆ. ಕಾಯಿಸಿದ ಗಂಟೆಗಳು ವಿಶ್ರಾಂತಿಯಲ್ಲ, ಅವು ಕೆಲಸದ ಗಂಟೆಗಳೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು ಕಟ್ಟಿಕೊಟ್ಟಿತ್ತು. ಆದ್ದರಿಂದ ಒಪ್ಪಂದದಲ್ಲೇ ಬರೆಸಿ: ಇಷ್ಟು ಗಂಟೆ ಮೀರಿ ಕಾಯಿಸಿದರೆ ಹಾಲ್ಟಿಂಗ್ ಚಾರ್ಜು, ಸಂಜೆ ಇಷ್ಟರ ಮೇಲೆ ಲೋಡಾದರೆ ಗಾಡಿ ಹೊರಡುವುದು ಬೆಳಗಿನ ಜಾವ ಐದಕ್ಕೆ. ಡ್ರೈವರಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಮಾತ್ರ ಬತ್ತಾ ಕೊಟ್ಟರೆ ಅವರು ನಿದ್ದೆಗೆಟ್ಟು ಓಡಿಸುತ್ತಾರೆ. ನಿಂತ ದಿನಕ್ಕೂ ಕೂಲಿ ಬರಬೇಕು.

ಎರಡನೆಯದು ತೂಕ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ದಂಡಕ್ಕಿಂತ ಬ್ರೇಕಿನ ಭಯ ದೊಡ್ಡದಿರಬೇಕು. ಕೃಷ್ಣಗಿರಿ ಕಡೆಗಿನ ಇಳಿಜಾರಿನಲ್ಲಿ ಹೆಚ್ಚುವರಿ ತೂಕದ ಗಾಡಿಯ ಬ್ರೇಕ್ ಡ್ರಮ್ ಕಾದು ಹಿಡಿತ ಬಿಡುತ್ತದೆ. ಎಕ್ಸಲರೇಟರ್ ಬಿಟ್ಟು, ಕೆಳಗಿನ ಗೇರಿನಲ್ಲಿ ಎಂಜಿನ್ ಬ್ರೇಕಿನ ಮೇಲೆ ಇಳಿಸುವ ಅಭ್ಯಾಸ ಮಾಡಿಸಿ.

ಮೂರನೆಯದು ಗಾಡಿ ಕಾಣಿಸುವಂತಿರುವುದು. ಹೆದ್ದಾರಿ ಬದಿಯಲ್ಲಿ ನಿಂತ ಲಾರಿಯ ಹಿಂಬದಿಗೆ ಬೈಕು ಬಂದು ಗುದ್ದುವುದು ಈ ದಾರಿಯ ಅತಿ ಕೆಟ್ಟ ಬಗೆಯ ಅಪಘಾತ. ಪ್ರತಿಫಲನ ಪಟ್ಟಿ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ಇರಬೇಕು. ಧೂಳು ಕೂತರೆ ಪಟ್ಟಿಯಿದ್ದೂ ಇಲ್ಲದಂತೆ, ಪ್ರತಿ ಟ್ರಿಪ್ಪಿಗೂ ಒರೆಸಬೇಕು. ಹಿಂದಿನ ಗಾರ್ಡು ಬಾಗಿದ್ದರೆ ನೆಟ್ಟಗೆ ಮಾಡಿಸಿ ಗಾಡಿ ಹೊರಡಿಸಿ. ಆ ಗಾರ್ಡು ಇರುವುದೇ ಬೈಕು, ಕಾರು ಅಡಿಗೆ ನುಗ್ಗದಿರಲೆಂದು.

ಹಂತ 4: ಡೀಸೆಲ್ ಲೆಕ್ಕ

ಹೊಗೆಯನ್ನು ಅಂಕಿಯಾಗಿಸದೆ ಕಡಿಮೆ ಮಾಡಲಾಗದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬಂಕಿನ ಬಿಲ್ಲು, ಟ್ರಿಪ್ ಶೀಟು, ಇ-ವೇ ಬಿಲ್ಲಿನ ತೂಕ ಮತ್ತು ದೂರ ಇಷ್ಟಿದ್ದರೆ ಸಾಕು.

ಹತ್ತು ಟನ್ ಹೊತ್ತು 100 ಕಿ.ಮೀ. ಹೋಗುವ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 25 ಲೀಟರ್ ಬೇಕು. 25ನ್ನು 2.68ರಿಂದ ಗುಣಿಸಿದರೆ 67 ಕಿಲೋ. ಕೆಲಸ (ಟನ್ನನ್ನು ಕಿ.ಮೀ.ಯಿಂದ ಗುಣಿಸಿದ್ದು) 1000 ಟನ್-ಕಿ.ಮೀ. ಆಯಿತು, ಅಂದರೆ ಒಂದು ಟನ್-ಕಿ.ಮೀ.ಗೆ 67 ಗ್ರಾಂ. ಅದೇ ಗಾಡಿ ಖಾಲಿ ಮರಳುವಾಗ ಲೀಟರಿಗೆ 5 ಕಿ.ಮೀ. ಕೊಟ್ಟರೂ ಇನ್ನು 20 ಲೀಟರ್ ಬೇಕು. ಒಟ್ಟು 45 ಲೀಟರ್, ಸುಮಾರು 120 ಕಿಲೋ. ಹೊತ್ತ ಸರಕು ಅಷ್ಟೇ, ಆದರೆ ಟನ್-ಕಿ.ಮೀ.ಗೆ 120 ಗ್ರಾಂ ಆಯಿತು. ಖಾಲಿ ಗಾಡಿ ಮಾಡುವ ನಷ್ಟ ಇಷ್ಟು. ಬೇರೆ ಬುಕಿಂಗ್ ಆಫೀಸುಗಳ ಜೊತೆ ಮಾತಾಡಿಕೊಂಡು ಮರಳಿ ಬರುವಾಗ ಲೋಡು ಹಿಡಿಯುವುದು ನೂರು ಸಸಿ ನೆಡುವುದಕ್ಕಿಂತ ಬೇಗ ಫಲ ಕೊಡುತ್ತದೆ.

ನಿಂತಲ್ಲೇ ಎಂಜಿನ್ ಓಡಿಸಿದರೆ ದೊಡ್ಡ ಲಾರಿ ಗಂಟೆಗೆ ಎರಡು ಮೂರು ಲೀಟರ್ ಕುಡಿಯುತ್ತದೆ. ಆರು ಗಂಟೆಯ ಸಾಲಿನಲ್ಲಿ ಹನ್ನೆರಡು ಲೀಟರಿಗೂ ಮೇಲೆ ಹೋಯಿತು. ಆದರೆ ಬಿಸಿಲಿನಲ್ಲಿ ಎಂಜಿನ್ ಆರಿಸಿ ಎಂದು ಹೇಳುವ ಮೊದಲು ನೆರಳಿನ ಜಾಗ ಮತ್ತು ಕುಡಿಯುವ ನೀರು ಕೊಡಬೇಕು. 2025ರ ಅಕ್ಟೋಬರ್ 1ರ ನಂತರ ತಯಾರಾದ ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿರುವುದರಿಂದ, ತಂಪಿಗಾಗಿ ಎಂಜಿನ್ ಓಡಿಸಿಕೊಂಡೇ ನಿಲ್ಲದಿರಲು ಈ ನೆರಳಿನ ಪ್ರಶ್ನೆ ಇನ್ನೂ ಮುಖ್ಯವಾಗಿದೆ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಿ. ಬಿಎಸ್–6 ಗಾಡಿಗೆ ಹೊಗೆಯ ವಿಷ ತಗ್ಗಿಸಲು ಹಾಕುವ ಯೂರಿಯಾ ದ್ರಾವಣ ಉಳಿಸಲೆಂದು ಸೆನ್ಸರ್ ಬೈಪಾಸ್ ಮಾಡಿಸುವುದಂತೂ ಊರಿನ ಉಸಿರಿಗೆ ವಿಷ ಬಿಟ್ಟಂತೆ. ಹಾಗೆ ಮಾಡುವ ವರ್ಕ್‌ಶಾಪಿಗೆ ಗಾಡಿ ಕಳಿಸಬೇಡಿ.

ಹಂತ 5: ದಾರಿಯ ನಕ್ಷೆ ಬರೆಯಿರಿ

ಈಗ ಎರಡನೇ ಪುಸ್ತಕಕ್ಕೆ ಬಂದೆವು. ನಿಮ್ಮ ಗಾಡಿಗಳು ದಿನವೂ ಹೋಗುವ ದಾರಿಯಲ್ಲಿ ಗೋಡೌನು, ಲಾರಿ ತೂಗುವ ವೇಬ್ರಿಡ್ಜು, ರಾತ್ರಿ ನಿಲ್ಲಿಸುವ ಜಾಗ, ಶಾಲೆ, ಸಂತೆ, ಅಪಘಾತ ಆಗುವ ತಿರುವು ಗುರುತಿಸಿ. ಅಪಘಾತದ ಜಾಗಗಳನ್ನು ಆಯಾ ಪೊಲೀಸ್ ಠಾಣೆಯಲ್ಲಿ ಕೇಳಿ. ಜೊತೆಗೆ ಆ ತಿರುವಿನ ಚಹಾ ಅಂಗಡಿ, ಪಂಕ್ಚರ್ ಅಂಗಡಿಯವರನ್ನೂ ಕೇಳಿ. ಠಾಣೆಗೆ ಹೋಗದ ಪೆಟ್ಟುಗಳು ಗೊತ್ತಿರುವುದು ಅವರಿಗೇ. ಊರಿನವರ ಜೊತೆ ಮಾತಾಡುವವರಿಗೆ ತಮಿಳು, ಕನ್ನಡ, ತೆಲುಗು ಮೂರೂ ಬರಬೇಕು. ದೇಂಕಣಿಕೋಟೆ, ತಳಿ ಕಡೆ ಒಂದೇ ಬೀದಿಯಲ್ಲಿ ಮೂರು ಮನೆಮಾತುಗಳಿವೆ, ಒಂದೇ ಭಾಷೆಯಲ್ಲಿ ಸಭೆ ಕರೆದರೆ ಹೆಂಗಸರು ಮತ್ತು ಮುದುಕರು ಬಾಯಿ ಬಿಡುವುದಿಲ್ಲ. ಫಲಕಗಳೂ ಮೂರು ಲಿಪಿಗಳಲ್ಲಿರಲಿ.

ಹಂತ 6: ಕೆಲಸ ಆರಿಸಿಕೊಳ್ಳಿ

ರಸ್ತೆ ಸುರಕ್ಷತೆಯ ಅರಿವು, ಚಾಲಕರ ತರಬೇತಿಯಂಥ ಕೆಲಸಗಳು ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದ, ಅಂದರೆ ಸಿಎಸ್‌ಆರ್ ಕೆಲಸಗಳ ಪಟ್ಟಿಯ, ವ್ಯಾಪ್ತಿಗೆ ಬರುತ್ತವೆ ಎಂದು ಸಚಿವಾಲಯ 2014ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಹತ್ತು ಲಕ್ಷದ ಆಸುಪಾಸಿನ ಹಣಕ್ಕೆ ಒಂದೆರಡು ಕೆಲಸ ಸಾಕು. ಆರು ಕಡೆ ಹಂಚಿದರೆ ಎಲ್ಲೂ ನಿಲ್ಲುವುದಿಲ್ಲ.

ಕಣ್ಣಿನ ಶಿಬಿರ ನಮ್ಮ ಮೊದಲ ಆಯ್ಕೆ. ನಲವತ್ತು ದಾಟಿದ ಡ್ರೈವರಿಗೆ ಮೀಟರಿನ ಅಂಕಿ ಮಸುಕಾಗಿರುತ್ತದೆ, ಪೊರೆ ಬರತೊಡಗಿದ್ದರೆ ಎದುರಿನ ದೀಪ ಕಣ್ಣು ಕೋರೈಸುತ್ತದೆ. ಶಿಬಿರವನ್ನು ಆಸ್ಪತ್ರೆಯಲ್ಲಿ ಇಡಬೇಡಿ, ಲಾರಿ ನಿಲ್ಲುವ ಯಾರ್ಡಿನಲ್ಲೇ ಇಡಿ, ಗಾಡಿಗಳು ಲೋಡಿಗೆ ಕಾಯುವ ಹೊತ್ತಿನಲ್ಲಿ. ಅಕ್ಷರದ ಫಲಕಕ್ಕೆ 6 ಮೀಟರ್ ದೂರ ಬಿಡಬೇಕು. ಓದಲು ಬಾರದವರಿಗೆ ಅಕ್ಷರದ ಬದಲು ದಿಕ್ಕು ತೋರಿಸುವ ಗುರುತುಗಳ ಫಲಕ ಇರಲಿ. ಹತ್ತಿರದ ದೃಷ್ಟಿಗೆ +1.00ರಿಂದ +2.50ರವರೆಗಿನ ಸಿದ್ಧ ಕನ್ನಡಕಗಳನ್ನು ಅಲ್ಲೇ ಕೊಡಬಹುದು. ದೂರದ ಕನ್ನಡಕವನ್ನು ಅಳತೆಗೆ ಮಾಡಿಸಬೇಕು. ಎಡವುವುದು ಇಲ್ಲೇ: ಕನ್ನಡಕ ತಯಾರಾಗುವಷ್ಟರಲ್ಲಿ ಡ್ರೈವರು ನಾಗಪುರದಲ್ಲಿರುತ್ತಾರೆ, ಪೆಟ್ಟಿಗೆಗಟ್ಟಲೆ ಕನ್ನಡಕ ಆಫೀಸಿನಲ್ಲಿ ಉಳಿಯುತ್ತದೆ. ಹಾಗಾಗಿ ಊರಿನ ವಿಳಾಸ ಬರೆದುಕೊಂಡರೆ ಸಾಲದು. ಅವರು ಮುಂದೆ ಯಾವ ಬುಕಿಂಗ್ ಆಫೀಸಿಗೆ ಬರುತ್ತಾರೆಂದು ಕೇಳಿ ಕನ್ನಡಕವನ್ನು ಅಲ್ಲಿಗೆ ಪಾರ್ಸೆಲ್ ಮಾಡಿ. ಈ ಕೆಲಸ ಸಾಗಣೆಯವರಷ್ಟು ಚೆನ್ನಾಗಿ ಬೇರೆ ಯಾರಿಗೂ ಬಾರದು. ಇನ್ನೊಂದು ಅಡ್ಡಿ ಭಯ. ಕಣ್ಣು ಸರಿಯಿಲ್ಲ ಎಂದರೆ ಲೈಸೆನ್ಸು ಹೋಗುತ್ತದೆ, ಓನರಿಗೆ ಗೊತ್ತಾದರೆ ಗಾಡಿ ಹೋಗುತ್ತದೆ ಎಂದು ಬಹಳ ಜನ ದೂರ ನಿಲ್ಲುತ್ತಾರೆ. ಫಲಿತಾಂಶವನ್ನು ಚಾಲಕರ ಕೈಗೆ ಮಾತ್ರ ಕೊಡುತ್ತೇವೆಂದು ಫಲಕದಲ್ಲೇ ಬರೆದು ಹಾಗೇ ನಡೆದುಕೊಳ್ಳಿ. ಅದೇ ಮೇಜಿನಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿ, ಹೆಚ್ಚಿದ್ದವರಿಗೆ ಅವರ ದಾರಿಯಲ್ಲೇ ಸಿಗುವ ಸರಕಾರಿ ಆಸ್ಪತ್ರೆಯ ಹೆಸರು ಬರೆದ ಚೀಟಿ ಕೊಡಿ.

ಅಪಘಾತದ ಮೊದಲ ಗಳಿಗೆ ಎರಡನೇ ಆಯ್ಕೆ. ಆಂಬುಲೆನ್ಸಿಗಿಂತ ಮೊದಲು ಓಡಿಬರುವವರು ಧಾಬಾ, ಬಂಕು, ಪಂಕ್ಚರ್ ಅಂಗಡಿಯವರು. ಅವರಿಗೆ ಅರ್ಧ ದಿನದ ತರಬೇತಿ ಸಾಕು: ರಕ್ತ ಸೋರುವಲ್ಲಿ ಬಟ್ಟೆ ಇಟ್ಟು ಒತ್ತಿ ಹಿಡಿಯುವುದು, ಬೆಂಕಿಯ ಅಪಾಯ ಇಲ್ಲದಿದ್ದರೆ ಕುತ್ತಿಗೆ ಅಲುಗಿಸದಿರುವುದು, ಅರೆಪ್ರಜ್ಞೆಯಲ್ಲಿದ್ದವರಿಗೆ ನೀರು ಕುಡಿಸದಿರುವುದು, 108ಕ್ಕೆ ಅಥವಾ ಹೆದ್ದಾರಿಯ 1033ಕ್ಕೆ ಫೋನ್ ಮಾಡಿ ಕಿಲೋಮೀಟರ್ ಕಲ್ಲಿನ ಅಂಕಿ ಹೇಳುವುದು. ಜನ ಹಿಂಜರಿಯುವುದು ಪೊಲೀಸ್ ಕೇಸಿನ ಭಯಕ್ಕೆ. ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹೇಳುತ್ತದೆ. ಇದನ್ನು ಮೂರು ಭಾಷೆಗಳಲ್ಲಿ ಅಚ್ಚು ಹಾಕಿಸಿ ಅಂಗಡಿಗಳಲ್ಲಿ ತೂಗುಹಾಕಿ. ತಮಿಳುನಾಡು ಸರಕಾರದ 48 ಗಂಟೆಗಳ ಉಚಿತ ಅಪಘಾತ ಚಿಕಿತ್ಸೆಯ ಯೋಜನೆ 2021ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ರಾಜ್ಯದ ಗಡಿಯೊಳಗೆ ಅಪಘಾತವಾದ ಹೊರರಾಜ್ಯದವರಿಗೂ ಸಿಗುತ್ತದೆ. ಕರ್ನಾಟಕದ ಡ್ರೈವರುಗಳಿಗೆ ಇದನ್ನು ತಪ್ಪದೆ ತಿಳಿಸಿ.

ತರಬೇತಿ ಪಡೆದ ಪ್ರತಿ ಅಂಗಡಿಗೂ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಕೊಡಿ. ಗಾಜ್ ಪೊಟ್ಟಣ 20, ಅಗಲದ ಕ್ರೇಪ್ ಬ್ಯಾಂಡೇಜ್ 6, ತ್ರಿಕೋನ ಬಟ್ಟೆ 4, ಕೈಗವಸು 20 ಜೊತೆ, ಬಟ್ಟೆ ಕತ್ತರಿಸುವ ಕತ್ತರಿ, ಟಾರ್ಚು, ಪ್ರತಿಫಲನ ಜಾಕೆಟ್ 2, ರಸ್ತೆಗೆ ಇಡುವ ಕೋನ್ 6. ಇಂಥ ಪೆಟ್ಟಿಗೆಗಳು ಮೂರು ತಿಂಗಳಲ್ಲಿ ಖಾಲಿಯಾಗಿ ಮೂಲೆ ಸೇರುತ್ತವೆ, ಏಕೆಂದರೆ ಮತ್ತೆ ತುಂಬಿಸುವವರು ಇಂಥವರೇ ಎಂದು ಯಾರೂ ಗೊತ್ತುಮಾಡಿರುವುದಿಲ್ಲ. ತಿಂಗಳಿಗೊಮ್ಮೆ ಆ ದಾರಿಯಲ್ಲಿ ಹೋಗುವ ಸೂಪರ್‌ವೈಸರಿಗೆ ಪಟ್ಟಿ ಕೊಟ್ಟು ನೋಡಿಸಿ, ಮರುಭರ್ತಿಯ ಹಣವನ್ನು ಮೊದಲ ದಿನವೇ ಬಜೆಟ್ಟಿನಲ್ಲಿ ತೆಗೆದಿಡಿ.

ಶಾಲೆಯ ಎದುರಿನ ದಾಟುದಾರಿಗೆ ಹಣ ಹಾಕುವವರು ಅನುಮತಿಯಿಲ್ಲದೆ ಹಂಪು ಹಾಕಿಸಬಾರದು. ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ, ಊರಿನ ರಸ್ತೆಗೆ ಪಂಚಾಯತಿ ಅಥವಾ ಆ ರಸ್ತೆಯ ಇಲಾಖೆ ಒಪ್ಪಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾದರಿಯ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ರಾತ್ರೋರಾತ್ರಿ ಎಬ್ಬಿಸಿದ ಕಿರಿದಾದ ದಿಬ್ಬದಲ್ಲಿ ಬೈಕಿನವರು ಬೀಳುತ್ತಾರೆ, ಲೋಡು ಜಾರುತ್ತದೆ. ಖರ್ಚೇ ಇಲ್ಲದ ಒಂದು ಪಾಠ ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ: ಲಾರಿಯನ್ನು ಶಾಲೆಯ ಮೈದಾನಕ್ಕೆ ತಂದು ಎಂಜಿನ್ ಆರಿಸಿ, ಒಂದೊಂದೇ ಮಗುವನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಉಳಿದವರನ್ನು ಬಂಪರಿನ ಮುಂದೆ ಮತ್ತು ಎಡಗಡೆ ನಿಲ್ಲಿಸಿ. ಗೆಳೆಯರು ಕಣ್ಣಿಗೆ ಕಾಣದೇ ಹೋದದ್ದನ್ನು ನೋಡಿದ ಮಗು ಮತ್ತೆ ಲಾರಿಯ ಮೂತಿಗೆ ಅಂಟಿಕೊಂಡು ದಾಟುವುದಿಲ್ಲ.

ಸಾನಮಾವು ಕಾಡಿನ ಬಳಿ ಹೆದ್ದಾರಿ ದಾಟುವ ಆನೆಗಳದ್ದು ಈ ಭಾಗದ ವಿಶೇಷ ಹೊಣೆ. ರಾಗಿ ಕೊಯ್ಲಿನ ಸುಮಾರಿಗೆ ಹಿಂಡುಗಳು ಬರುತ್ತವೆ. ಅರಣ್ಯ ಇಲಾಖೆಯ ಜೊತೆ ಮಾತಾಡಿ, ಹಿಂಡು ಬಂದ ಸುದ್ದಿ ಬುಕಿಂಗ್ ಆಫೀಸುಗಳಿಗೂ ಬಂಕುಗಳಿಗೂ ಅಂದೇ ತಲುಪುವ ಏರ್ಪಾಡು ಮಾಡಿ. ಡ್ರೈವರುಗಳಿಗೆ ಹೇಳಬೇಕಾದ್ದು ಇಷ್ಟೇ: ವೇಗ ಇಳಿಸಿ, ಹೈ ಬೀಮ್ ಹಾಕಬೇಡಿ, ಹಾರ್ನ್ ಒತ್ತಬೇಡಿ, ಇಳಿದು ಫೋಟೋ ತೆಗೆಯಬೇಡಿ. ಬೆಲೆ ಬಿದ್ದಾಗ ಟೊಮೆಟೊ, ಕೋಸನ್ನು ಕಾಡಿನಂಚಿನ ರಸ್ತೆಬದಿಗೆ ಸುರಿದು ಹೋಗುವುದು ಪ್ರಾಣಿಗಳನ್ನು ಹೆದ್ದಾರಿಗೆ ಕರೆದಂತೆ. ಆ ತರಕಾರಿಯನ್ನು ಗೊಬ್ಬರದ ಗುಂಡಿಗೋ ದನದ ಕೊಟ್ಟಿಗೆಗೋ ಮುಟ್ಟಿಸುವ ಏರ್ಪಾಡು ಒಳ್ಳೆಯ ಸಿಎಸ್‌ಆರ್ ಕೆಲಸವೇ ಆಗುತ್ತದೆ.

ಸಸಿಯೇ ನೆಡಬೇಕೆಂದಿದ್ದರೆ ಮೂರು ವರ್ಷದ ನೀರಿನ ಹಣ ಸೇರಿಸಿ ಬಜೆಟ್ ಮಾಡಿ. 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ, ಬೇಲಿ, ಹೊಂಗೆ, ಬೇವು ಸಾಕು. ಕರೆಂಟ್ ತಂತಿಯ ಕೆಳಗೆ, ರಸ್ತೆ ಅಗಲವಾಗುವ ಜಾಗದಲ್ಲಿ ಬೇಡ. ಆನೆ ಓಡಾಡುವ ಕಡೆ ಹಲಸು ಬೇಡವೇ ಬೇಡ.

ಹಂತ 7: ಕಾಗದ ಪತ್ರ ಮತ್ತು ದಿನಾಂಕ

ಸಂಘಸಂಸ್ಥೆಯ ಮೂಲಕ ಮಾಡಿಸುವುದಾದರೆ ಅದಕ್ಕೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್–1 ಅರ್ಜಿಯ ಮೂಲಕ ಪಡೆದ ನೋಂದಣಿ ಸಂಖ್ಯೆ ಇರಲೇಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಹಣ ಕೊಟ್ಟ ಮೇಲೆ ಕೇಳುವುದಲ್ಲ, ಮೊದಲೇ ಪ್ರತಿ ತೆಗೆದುಕೊಳ್ಳಿ. ಆಡಳಿತ ಖರ್ಚು ಆ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಶೇ. 5 ಮೀರಬಾರದು. 10.6 ಲಕ್ಷದಲ್ಲಿ ಅದು 53,000 ರೂಪಾಯಿ. ಕೊಂಡ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಪಂಚಾಯತಿಯಂಥ ಸಾರ್ವಜನಿಕ ಸಂಸ್ಥೆ, ನೋಂದಾಯಿತ ಟ್ರಸ್ಟು ಅಥವಾ ಫಲಾನುಭವಿಗಳ ಸ್ವಸಹಾಯ ಸಂಘದ ಹೆಸರಿಗೆ ಹೋಗಬೇಕು. ಹಣ ಗೊತ್ತುಪಡಿಸಿದ ಕೆಲಸಕ್ಕೇ ಬಳಕೆಯಾಗಿದೆ ಎಂದು ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು.

ಉಳಿದ ಹಣಕ್ಕೆ ಎರಡು ದಾರಿ. ಕೆಲಸ ಮುಂದಿನ ವರ್ಷಕ್ಕೂ ನಡೆಯುವಂಥದ್ದೆಂದು ಮಂಡಳಿ ಮೊದಲೇ ಒಪ್ಪಿದ್ದರೆ ಏಪ್ರಿಲ್ 30ರೊಳಗೆ ಬ್ಯಾಂಕಿನ ವಿಶೇಷ ಖಾತೆಗೆ ಹಾಕಿ ಮೂರು ಹಣಕಾಸು ವರ್ಷದಲ್ಲಿ ಮುಗಿಸಬೇಕು. ಇಲ್ಲವಾದರೆ ಸೆಪ್ಟೆಂಬರ್ 30ರೊಳಗೆ ಏಳನೇ ಪರಿಶಿಷ್ಟದಲ್ಲಿ ಹೆಸರಿಸಿದ ನಿಧಿಗೆ ಕಟ್ಟಬೇಕು. ತಪ್ಪಿದರೆ ಬಾಕಿಯ ಎರಡು ಪಟ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅಷ್ಟು ದಂಡ. ಹೆಚ್ಚು ಖರ್ಚು ಮಾಡಿದ್ದರೆ ಮುಂದಿನ ಮೂರು ವರ್ಷಗಳ ಬಾಬ್ತಿಗೆ ಹೊಂದಿಸಿಕೊಳ್ಳಬಹುದು. ಮಾರ್ಚ್ ಕೊನೆಯ ವಾರದಲ್ಲಿ ಅವಸರಕ್ಕೆ ಹಣ ಸುರಿಯುವುದನ್ನು ತಪ್ಪಿಸಲು ಯೋಜನೆಯನ್ನು ಮೇ ತಿಂಗಳಲ್ಲೇ ಮಂಡಳಿಯ ಮುಂದಿಡಿ.

ಹಂತ 8: ಅಳೆಯುವುದು

ಎಷ್ಟು ಜನರಿಗೆ ಕನ್ನಡಕ ಕೊಟ್ಟೆವು ಎಂಬುದಕ್ಕಿಂತ ಆರು ತಿಂಗಳ ಮೇಲೆ ಎಷ್ಟು ಜನ ಹಾಕಿಕೊಂಡೇ ಓಡಿಸುತ್ತಿದ್ದಾರೆ ಎಂಬುದನ್ನು ಫೋನ್ ಮಾಡಿ ಕೇಳಿ ಬರೆದಿಡಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಒಂದು ಪುಸ್ತಕ ಕಟ್ಟಿ, ಯಾವ ದಿನ ಯಾವುದಕ್ಕೆ ಬಳಸಿದರೆಂದು ಬರೆಸಿ. ಶಾಲೆಯ ಮುಂದೆ ಕೆಲಸದ ಮೊದಲು ಮತ್ತು ನಂತರ ಒಂದೇ ವಾರದ ದಿನ, ಒಂದೇ ಹೊತ್ತಿನಲ್ಲಿ ಗಾಡಿಗಳ ವೇಗ ಅಳೆಯಿರಿ. ಗೇಟಿನಲ್ಲಿ ಕಾಯುವ ಗಂಟೆ, ಖಾಲಿ ಓಡಿದ ಕಿಲೋಮೀಟರ್, ಟನ್-ಕಿ.ಮೀ.ಗೆ ಗ್ರಾಂ ಈ ಮೂರು ಅಂಕಿ ಆಫೀಸಿನ ಗೋಡೆಯ ಮೇಲೆ ಪ್ರತಿ ತಿಂಗಳೂ ಬದಲಾಗಲಿ. ವರ್ಷಕ್ಕೊಮ್ಮೆ ಆ ಕಾಗದವನ್ನು ದಾರಿಯ ಪಂಚಾಯತಿಗಳಿಗೂ ಅವರ ಭಾಷೆಯಲ್ಲೇ ಕೊಡಿ. ಅಂಕಿ ಕೆಟ್ಟಿದ್ದ ವರ್ಷವೂ ಕೊಡಿ, ಏಕೆಂದರೆ ಮುಂದಿನ ವರ್ಷ ಯಾವ ತಿರುವಿನಲ್ಲಿ ಕೆಲಸ ಮಾಡಬೇಕೆಂದು ಸರಿಯಾಗಿ ಹೇಳಬಲ್ಲವರು ಅವರೇ.